ಮಗ ಗಾಂಜಾ ಸೇದುತ್ತಿದ್ದಾನೆ, ಈಗೇನು ಮಾಡೋದು? ಹುಬ್ಬಳ್ಳಿ-ಧಾರವಾಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ವ್ಯಸನ ಬಿಡಿಸುವ ಚಿಕಿತ್ಸೆಗೆ ಬರುವ ಹದಿಹರೆಯದ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಹೆಚ್ಚಿನವರು ಹುಬ್ಬಳ್ಳಿ-ಧಾರವಾಡದವರು. ಗದಗ, ಹಾವೇರಿ ಕಡೆಯಿಂದಲೂ ಬರುತ್ತಾರೆ. ಓಪಿಡಿ ಹೊರಗಿನ ಬೆಂಚಿನ ಮೇಲೆ, ರಾತ್ರಿ ಹತ್ತು ಗಂಟೆಯ ಫೋನಿನಲ್ಲಿ, ನೋಟ್‌ಬುಕ್ ಹಾಳೆ ಹರಿದು ಬರೆದ ಚೀಟಿಯಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಹುಡುಗ ಅಂತ ಬರೆದ ಕಡೆಯೆಲ್ಲ ಹುಡುಗಿ ಅಂತಲೂ ಓದಿಕೊಳ್ಳಿ. ಹುಡುಗಿಯರೂ ಬರುತ್ತಾರೆ. ಮರ್ಯಾದೆಗೆ ಹೆದರಿ ಮನೆಯವರು ಅವರನ್ನು ಇನ್ನೂ ತಡವಾಗಿ ಕರೆತರುತ್ತಾರೆ.

## ಮೊದಮೊದಲ ಪ್ರಶ್ನೆಗಳು

ಗಾಂಜಾ, ಭಂಗಿ, ಚರಸ್ ಅಂತಾರ. ಎಲ್ಲಾ ಒಂದೇನ್ರಿ?

ಗಿಡ ಒಂದೇ. ಹೂವು ಬಿಟ್ಟ ತುದಿ ಒಣಗಿಸಿದರೆ ಗಾಂಜಾ. ಅದರ ಅಂಟು ತೆಗೆದರೆ ಚರಸ್. ಎಲೆ ಅರೆದರೆ ಭಾಂಗ್. ನಮ್ಮ ಕಡೆ ಹಳಬರು ಮೂರಕ್ಕೂ ಸೇರಿಸಿ ಭಂಗಿ ಅಂದುಬಿಡುತ್ತಾರೆ. ಅಮಲೇರಿಸುವ ಅಂಶ ಟಿಎಚ್‌ಸಿ. ಎಲೆಯಲ್ಲಿ ಅದು ಕಡಿಮೆ, ಹೂವಿನಲ್ಲಿ ಜಾಸ್ತಿ, ಅಂಟಿನಲ್ಲಿ ಇನ್ನೂ ಜಾಸ್ತಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಮತ್ತು ಚರಸ್ ನಿಷಿದ್ಧ. ಹೂವಿಲ್ಲದ ಬರೀ ಎಲೆ ಆ ಕಾಯ್ದೆಯ ಗಾಂಜಾ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ರಂಗಪಂಚಮಿ ದಿನ ಹದಿನಾಲ್ಕರ ಹುಡುಗನಿಗೆ ಒಂದು ಲೋಟ ಕೊಡಬಹುದು ಅಂತಲ್ಲ. ಕುಡಿದದ್ದು ನಿಧಾನವಾಗಿ ಏರುತ್ತದೆ. ಏರಲಿಲ್ಲ ಅಂತ ಮಕ್ಕಳು ಇನ್ನೊಂದು ಲೋಟ ಕುಡಿಯುತ್ತಾರೆ, ಆಮೇಲೆ ರಾತ್ರಿಯೆಲ್ಲ ಒದ್ದಾಡುತ್ತಾರೆ.

ಮಗನ ಮ್ಯಾಲೆ ಅನುಮಾನ ಐತ್ರಿ. ಖರೇನ ಸೇದ್ತಾನಂತ ಹೆಂಗ ಗೊತ್ತಾಗತೈತಿ?

ಕೆಂಪು ಕಣ್ಣು, ಕಿಸೆಯಲ್ಲಿ ಕಣ್ಣಿಗೆ ಬಿಡುವ ಡ್ರಾಪ್ಸ್, ಹೊತ್ತಲ್ಲದ ಹೊತ್ತಿನಲ್ಲಿ ವಿಪರೀತ ಹಸಿವು, ಮನೆಗೆ ಬರುವ ಮುಂಚೆ ಸೆಂಟು, ಬೆರಳ ತುದಿಯಲ್ಲಿ ಸುಟ್ಟ ಕಲೆ. ಇವು ಸಾಮಾನ್ಯವಾಗಿ ಕಾಣುವ ಗುರುತುಗಳು. ಆದರೆ ಇವುಗಳಲ್ಲಿ ಒಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ. ರಾತ್ರಿಯೆಲ್ಲ ಮೊಬೈಲ್ ನೋಡಿದರೂ ಕಣ್ಣು ಕೆಂಪಾಗುತ್ತದೆ.

ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಚಿಟಿಕೆ ತಂಬಾಕು ಸುರಿದರು. ಮಾಳಿಗೆಯ ಮೂಲೆಯಲ್ಲಿ ಸಿಕ್ಕಿದ್ದಂತೆ. "ಬರೇ ತಂಬಾಕ ಬಿದ್ದಿತ್ರಿ, ಸಿಗರೇಟಿನ ಕಾಗದ ಇರಲಿಲ್ಲ" ಅಂದರು. ಆ ತಾಯಿ ಸರಿಯಾಗಿಯೇ ಗಮನಿಸಿದ್ದರು. ಸಿಗರೇಟಿನ ತಂಬಾಕು ಖಾಲಿ ಮಾಡಿ ಅದರಲ್ಲಿ ಗಾಂಜಾ ತುಂಬಿರುತ್ತಾರೆ.

ಇದಕ್ಕಿಂತ ಮುಖ್ಯ, ಆರು ತಿಂಗಳಲ್ಲಿ ಹುಡುಗ ಎಷ್ಟು ಬದಲಾದ ಅನ್ನುವುದು. ಆಟ ಬಿಟ್ಟನಾ? ಹಳೆಯ ಗೆಳೆಯರು ಮನೆಗೆ ಬರುವುದು ನಿಂತಿತಾ? ರೊಕ್ಕ ಕಾಣೆಯಾಗುತ್ತಿದೆಯಾ? ಊಟಕ್ಕೆ ಎಲ್ಲರ ಜೊತೆ ಕೂರುತ್ತಾನಾ?

ಅದು ಗಿಡದ ಸೊಪ್ಪಲ್ರಿ ಅಕ್ಕೋರೆ? ಸಾಧುಗಳು ಸೇದಿದ್ರ ಏನೂ ಆಗಂಗಿಲ್ಲ, ನಾವು ಸೇದಿದ್ರ ಯಾಕ ಆಗತೈತಿ?

ಹುಡುಗರು ವಾದಕ್ಕೆ ಕೇಳುವ ಪ್ರಶ್ನೆ. ನಾನು ವಾದ ಮಾಡುವುದಿಲ್ಲ, ವಯಸ್ಸಿನ ಲೆಕ್ಕ ಹೇಳುತ್ತೇನೆ. ಮಿದುಳು ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಯೋಚನೆ ಮಾಡಿ ಕೈ ಹಿಂದೆ ತೆಗೆಯುವ ಮುಂಭಾಗ ಬಲಿಯುವುದು ಎಲ್ಲಕ್ಕಿಂತ ಕೊನೆಗೆ. ಆ ಬೆಳವಣಿಗೆಯನ್ನು ಹದವಾಗಿ ನಡೆಸಲು ಮಿದುಳಿನಲ್ಲೇ ಗಾಂಜಾದ ಹಾಗೆ ಕೆಲಸ ಮಾಡುವ ರಾಸಾಯನಿಕಗಳಿವೆ. ಹೊರಗಿನ ಹೊಗೆ ಹೋಗಿ ಅವುಗಳ ಜಾಗದಲ್ಲಿ ಕೂರುತ್ತದೆ. ಸೇದಿದ ಎಲ್ಲ ವಯಸ್ಸಿನವರನ್ನು ತಗೊಂಡರೆ ಸುಮಾರು ಹನ್ನೊಂದರಲ್ಲಿ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರು. ಗಿಡ ಅದೇ, ಸೇದುವವನ ವಯಸ್ಸು ಬೇರೆ.

ವಾರಕ್ಕೊಂದ್ಸಲ, ದೋಸ್ತರು ಕೂಡಿದಾಗ ಅಷ್ಟ. ಇದಕ್ಕ ಚಟ ಅಂತಾರೇನ್ರಿ?

ಎಷ್ಟು ಸಲ ಅನ್ನುವುದರ ಮೇಲಷ್ಟೇ ವೈದ್ಯರು ತೀರ್ಮಾನಿಸುವುದಿಲ್ಲ. ಅವರ ಬಳಿ ಹನ್ನೊಂದು ಗುರುತುಗಳ ಪಟ್ಟಿ ಇದೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಸೇದುವುದು, ಬಿಡಬೇಕು ಅಂದರೂ ಆಗದಿರುವುದು, ಕಾಲೇಜು ತಪ್ಪುವುದು, ಮನೆಯಲ್ಲಿ ಜಗಳವಾದರೂ ನಿಲ್ಲಿಸದಿರುವುದು, ಹೀಗೆ. ಒಂದು ವರ್ಷದಲ್ಲಿ ಎರಡೋ ಮೂರೋ ಕಂಡರೆ ಸೌಮ್ಯ, ನಾಲ್ಕೋ ಐದೋ ಇದ್ದರೆ ಮಧ್ಯಮ, ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೀವ್ರ. ವಾರಕ್ಕೊಮ್ಮೆಯ ಹುಡುಗನಲ್ಲಿ ಒಂದೂ ಇರದೇ ಇರಬಹುದು. ಆದರೂ ಒಂದು ಸಲ ಬಂದು ಮಾತಾಡಿ ಅನ್ನುತ್ತೇನೆ. ಈ ಹಂತದಲ್ಲಿ ಎರಡು ಮಾತುಕತೆಯಲ್ಲೇ ಬಿಟ್ಟವರನ್ನು ನಾನು ನೋಡಿದ್ದೇನೆ.

## ಚಿಕಿತ್ಸೆಗೆ ಹೊರಡುವಾಗ

ಎಲ್ಲಿ ತೋರಸಬೇಕ್ರಿ? ಹುಚ್ಚರ ದವಾಖಾನಿಗೆ ಹೋಗಬೇಕೇನು?

ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹಳಬರು ಇಟ್ಟ ಆ ಹೆಸರು ಎಷ್ಟೋ ಮನೆಯವರನ್ನು ಗೇಟಿನಿಂದಲೇ ವಾಪಸ್ ಕಳಿಸಿದೆ. ದಯವಿಟ್ಟು ಆ ಹೆಸರು ಬಿಡೋಣ. ಅಲ್ಲಿ ನಿದ್ದೆ ಬಾರದವರು, ಪರೀಕ್ಷೆಯ ಭಯದವರು, ಕುಡಿತ ಬಿಡಬೇಕು ಅನ್ನುವವರು ಎಲ್ಲರೂ ಸರದಿಯಲ್ಲಿ ಕೂತಿರುತ್ತಾರೆ. ಹುಬ್ಬಳ್ಳಿಯಲ್ಲಿ ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಗದಗ, ಹಾವೇರಿಯವರು ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಮಂಗಳವಾರದ ಕ್ಲಿನಿಕ್ ಇರುತ್ತದೆ. ಫೋನ್ ಮಾಡಿ ಕೇಳಿಕೊಂಡು ಹೋಗಿ.

ಮನೆ ಬಿಟ್ಟು ಹೊರಡಲು ಇನ್ನೂ ಧೈರ್ಯ ಬಂದಿಲ್ಲವಾ? 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ದವಾಖಾನಿಗೆ ಹೋದ್ರ ಪೊಲೀಸರಿಗೆ ಗೊತ್ತಾಗತೈತೇನ್ರಿ? ಕೇಸ್ ಹಾಕ್ತಾರಂತ ಹೆದರಿಕಿ.

2024ರಲ್ಲಿ ಹುಬ್ಬಳ್ಳಿ-ಧಾರವಾಡ ಪೊಲೀಸರು ಗಾಂಜಾ ಅನುಮಾನದ ಮೇಲೆ ಯುವಕರನ್ನು ಕರೆತಂದು ಪರೀಕ್ಷೆ ಮಾಡಿಸಿದಾಗಿನಿಂದ ಈ ಪ್ರಶ್ನೆ ಜಾಸ್ತಿಯಾಗಿದೆ. ಚಿಕಿತ್ಸೆಗೆ ಬಂದವರ ವಿಷಯ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ತಾನಾಗಿ ಚಿಕಿತ್ಸೆ ಕೇಳಿಕೊಂಡು ಬಂದವನ ಹೆಸರನ್ನು ಠಾಣೆಗೆ ಕಳಿಸುವ ಪದ್ಧತಿ ಇಲ್ಲ.

ಕಾನೂನು ಗೊತ್ತಿರಲಿ. ಗಾಂಜಾ ಸೇದಿದ್ದಕ್ಕೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ಕಾಯ್ದೆಯ 64ಎ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ಸೇದಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ತಗೊಂಡರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. 18 ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವರನ್ನು ಲಾಕಪ್ಪಿನಲ್ಲೂ ಜೈಲಿನಲ್ಲೂ ಇಡುವಂತಿಲ್ಲ. ಮಕ್ಕಳ ಕೈಗೆ ಮಾದಕ ವಸ್ತು ಕೊಟ್ಟ ದೊಡ್ಡವರಿಗೆ, ಮಕ್ಕಳಿಂದ ಮಾರಿಸಿದವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ನಿಮ್ಮ ಮಗನ ಕೈಯಲ್ಲಿ ಯಾರಾದರೂ ಪೊಟ್ಟಣ ಸಾಗಿಸುತ್ತಿದ್ದರೆ ತಡ ಮಾಡದೆ ವಕೀಲರನ್ನು ಕೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹೊಟ್ಟಿ ನೋವು ತೋರಸೂಣು ಬಾ ಅಂತ ಸುಳ್ಳ ಹೇಳಿ ಕರ್ಕೊಂಡು ಬರ್ಲೇನ್ರಿ?

ಬೇಡ. ಬೋರ್ಡು ಓದಿದ ಕೂಡಲೇ ಅವನಿಗೆ ಗೊತ್ತಾಗುತ್ತದೆ. ಆಮೇಲೆ ಅವನು ನಿಮ್ಮನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ. ಅಮಲಿಳಿದು ಸಮಾಧಾನವಾಗಿರುವ ಹೊತ್ತು ನೋಡಿ, ಮನೆಯಲ್ಲಿ ಅವನಿಗೆ ಹತ್ತಿರದವರು ಒಬ್ಬರೇ ಮಾತಾಡಲಿ. ಅದು ಅಪ್ಪನೇ ಆಗಬೇಕು ಅಂತಿಲ್ಲ. ಎಷ್ಟೋ ಸಲ ಕಾಕಾ, ಮಾಮಾ, ದೊಡ್ಡಕ್ಕ ಹೇಳಿದರೆ ಕೇಳುತ್ತಾರೆ. "ನೀ ಸೇದ್ತಿ ಅಂತ ನನಗ ಗೊತ್ತೈತಿ ತಮ್ಮಾ. ಬೈಯಾಕ ಬಂದಿಲ್ಲ. ಒಂದ್ಸಲ ಹೋಗಿ ಮಾತಾಡಿ ಬರೂಣು, ಸೇರದಿದ್ರ ಎದ್ದು ಬರೂಣು." ಇಷ್ಟು ಸಾಕು.

ಆರು ತಿಂಗಳು ಯಾವುದರ ಸೆಂಟರ್‌ನಾಗ ಇಟ್ಟಬಿಡ್ರಿ. ಸುಧಾರಿಸಿದ ಮ್ಯಾಲೆ ಕರ್ಕೊಂಡು ಹೋಗ್ತೀವಿ.

ಸೋತು ಸುಣ್ಣವಾದ ಮೇಲೆ ಬರುವ ಮಾತು ಇದು. ನನಗೆ ಅರ್ಥವಾಗುತ್ತದೆ. ಆದರೆ ಬರೀ ಗಾಂಜಾದ ಹುಡುಗರಲ್ಲಿ ಹೆಚ್ಚಿನವರಿಗೆ ಅಡ್ಮಿಷನ್ ಬೇಕಾಗುವುದಿಲ್ಲ. ಮನೆಯಲ್ಲಿದ್ದು, ಕಾಲೇಜಿಗೆ ಹೋಗುತ್ತಾ, ವಾರಕ್ಕೊಮ್ಮೆ ಬಂದು ಹೋಗುವುದೇ ಅವರ ಚಿಕಿತ್ಸೆ. ಯಾಕೆಂದರೆ ಸೇದುವ ಆಸೆ ಹುಟ್ಟುವುದು ಮನೆ, ಓಣಿ, ಕಾಲೇಜಿನಲ್ಲಿ. ಬಿಡುವುದನ್ನು ಕಲಿಯಬೇಕಾದದ್ದೂ ಅಲ್ಲೇ.

ಸಾಯುವ ಮಾತಾಡಿದರೆ, ಭ್ರಮೆ ಶುರುವಾದರೆ, ಗುಳಿಗೆಯೋ ಇಂಜೆಕ್ಷನ್ನೋ ಸೇರಿಕೊಂಡಿದ್ದರೆ, ಮನೆಯಲ್ಲೇ ಹೊಡೆತಬಡಿತ ಇದ್ದರೆ ಅಡ್ಮಿಷನ್ ಬೇಕು. ಆಗ ಮಾನಸಿಕ ಆರೋಗ್ಯ ಕಾಯ್ದೆ ಮಕ್ಕಳ ಪರವಾಗಿ ಏನು ಹೇಳುತ್ತದೆ ನೋಡಿ. ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ದೊಡ್ಡವರ ಜೊತೆ ಒಂದೇ ಕಡೆ ಇಡುವಂತಿಲ್ಲ. ಅಪ್ಪ ಅಥವಾ ಅಮ್ಮ, ಇಲ್ಲವೇ ಅವರು ನೇಮಿಸಿದವರು, ಇರುವಷ್ಟು ದಿನವೂ ಜೊತೆಗಿರಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. "ಮೂರು ತಿಂಗಳು ಮುಖ ನೋಡಂಗಿಲ್ಲ, ಫೋನ್ ಇಲ್ಲ" ಅನ್ನುವ ಜಾಗ ಆದರೆ ಮಗನ ಕೈ ಹಿಡಿದು ವಾಪಸ್ ಕರೆತನ್ನಿ. ಸರಪಳಿ ಕಟ್ಟುವುದು ಅಪರಾಧ, ಯಾರೇ ಏನೇ ಹೇಳಲಿ. ಅಂಥ ಒಂದು ಕಡೆಯಿಂದ ಬಂದ ಹುಡುಗ ನಮ್ಮ ಕೋಣೆಯ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಎರಡು ತಿಂಗಳು ಬಾಗಿಲು ತೆರೆದಿಟ್ಟೇ ಮಾತಾಡಿದೆವು.

## ಚಿಕಿತ್ಸೆಯೊಳಗೆ

ಬಿಟ್ಟು ನಾಕ ದಿನ ಆತ್ರಿ. ನಿದ್ದಿ ಬರಂಗಿಲ್ಲ, ಎಲ್ಲಾರ ಮ್ಯಾಲೂ ಸಿಟ್ಟು. ಎಷ್ಟ ದಿನ ಹಿಂಗ?

ನಾಲ್ಕನೇ ದಿನ ಅಂದರೆ ಏರಿನ ತುದಿಗೆ ಹತ್ತಿರ ಬಂದಿದ್ದಿ. ಗಾಂಜಾ ಬಿಟ್ಟ ಒಂದರಿಂದ ಮೂರು ದಿನದೊಳಗೆ ಇದು ಶುರುವಾಗುತ್ತದೆ. ಮೊದಲ ವಾರ ಜೋರು. ಎರಡು ವಾರಕ್ಕೆ ಹೆಚ್ಚಿನದು ಇಳಿಯುತ್ತದೆ. ಸಿಟ್ಟು, ಚಡಪಡಿಕೆ, ಊಟ ಸೇರದಿರುವುದು, ಬೆವರು, ತಲೆನೋವು, ನಿಜವೋ ಅನ್ನಿಸುವಂಥ ಕನಸು ಎಲ್ಲ ಇದರೊಳಗೇ ಬರುತ್ತವೆ. ನಿದ್ದೆ ಮಾತ್ರ ಸರಿಹೋಗಲು ಒಂದು ತಿಂಗಳು ದಾಟಬಹುದು. ತುಂಬಾ ಕಷ್ಟವಾದರೆ ವೈದ್ಯರು ಸ್ವಲ್ಪ ದಿನಕ್ಕೆ ಔಷಧ ಕೊಡುತ್ತಾರೆ. ಮನೆಯಲ್ಲಿ ಅಜ್ಜಿಯ ನಿದ್ದೆಗುಳಿಗೆ ಮುಟ್ಟಬೇಡ.

ಮನೆಯವರಿಗೆ ಒಂದು ಮಾತು. ಆ ಎರಡು ವಾರ ಅವನು ತಟ್ಟೆ ಸರಿಸಿ ಎದ್ದರೆ ಅಹಂಕಾರ ಅಂದುಕೊಳ್ಳಬೇಡಿ. ಅರ್ಧ ರೊಟ್ಟಿ ಉಂಡರೂ ಸರಿ. ಆದರೆ ಮಂಕಾಗಿ ಕೂತು "ನಾ ಇದ್ದು ಏನ್ ಮಾಡೂದೈತಿ" ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಕರೆತನ್ನಿ.

ಇದಕ್ಕ ಗುಳಿಗಿ ಇಲ್ಲೇನ್ರಿ? ಬರೇ ಮಾತಾಡಿದ್ರ ಚಟ ಹೋಗತೈತೇನು?

ಗಾಂಜಾ ಬಿಡಿಸಲೆಂದೇ ಮಂಜೂರಾದ ಔಷಧ ಇಲ್ಲ. ಚಹಾದಲ್ಲಿ ಗೊತ್ತಿಲ್ಲದಂತೆ ಹಾಕುವ ಪುಡಿಯ ಜಾಹೀರಾತು ಗೋಡೆಗೋಡೆಯ ಮೇಲಿದೆ. ಅದನ್ನು ಕೊಳ್ಳಬೇಡಿ. ಅದರಲ್ಲಿ ಏನಿದೆ ಅಂತ ಮಾರುವವನೂ ಹೇಳುವುದಿಲ್ಲ.

ಬರೀ ಮಾತಾಡುವುದು ಅಂದರೆ ಬುದ್ಧಿ ಹೇಳುವುದಲ್ಲ. ಬುದ್ಧಿಮಾತನ್ನು ಅವನು ಹೊಟ್ಟೆ ತುಂಬಾ ಕೇಳಿರುತ್ತಾನೆ. ಸೇದುವುದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಅಂತ ಅವನ ಬಾಯಿಂದಲೇ ಬರಬೇಕು. ಆಮೇಲೆ ಯಾವ ಹೊತ್ತು, ಯಾವ ಜಾಗ, ಯಾವ ಮನಸ್ಥಿತಿ ಅಂತ ಬಿಡಿಸಿ ನೋಡುತ್ತೇವೆ.

ಧಾರವಾಡದಲ್ಲಿ ಓದಿ ಹಳೇ ಹುಬ್ಬಳ್ಳಿಗೆ ಮರಳುವ ಹುಡುಗನೊಬ್ಬನಿಗೆ ದಿನದ ದಾರಿ ಬರಿ ಅಂದೆ. ಹಾಳೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದು ಚಿಗರಿ ಬಸ್ಸಿನ ಸ್ಟಾಪುಗಳನ್ನೆಲ್ಲ ಬರೆದ. ಆಸೆ ಬರುವ ಕಡೆ ಕೆಂಪು ಪೆನ್ನಿನಿಂದ ಗುಂಡು ಹಾಕು ಅಂದೆ. ಒಂದೇ ಗುಂಡು ಬಿತ್ತು, ಉಣಕಲ್ ಕೆರೆ ಸ್ಟಾಪಿನ ಮೇಲೆ. "ಬಾಗಲಾ ತೆಗೆದ್ ಕೂಡ್ಲೇ ಕೈ ಬೆವರತಾವ್ರಿ" ಅಂದ. ಇಳಿದರೆ ಅಲ್ಲಿ ಗೆಳೆಯರು. ಇಳಿಯಬೇಡ ಅಂತ ನಾನು ಹೇಳಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಏನು ಕೆಲಸ ಇದೆ ಅಂತ ಕೇಳಿದೆ. ತಂಗಿಯನ್ನು ಟ್ಯೂಷನ್‌ನಿಂದ ಕರೆತರಲು ಅಮ್ಮ ಹೋಗುತ್ತಿದ್ದರು. ಆ ಕೆಲಸ ಅವನೇ ತಗೊಂಡ. ಐದು ಗಂಟೆಗೆ ತಂಗಿ ಕಾಯುತ್ತಿರುತ್ತಾಳೆ ಅಂದ ಮೇಲೆ ಬಸ್ಸು ಇಳಿಯಲು ಅವನ ಕಾಲೇ ಏಳಲಿಲ್ಲ. ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಆದರೆ ಕೆಲಸ ನಡೆಯುವುದು ಹೀಗೇ.

ಹದಿಹರೆಯದವರಲ್ಲಿ ಮನೆಯವರನ್ನೂ ಕೂರಿಸಿ ಮಾಡುವ ಚಿಕಿತ್ಸೆಗೆ ಒಳ್ಳೆಯ ಫಲ ಇದೆ. ಅದಕ್ಕೇ "ನನಗ ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲ" ಅನ್ನುವ ಅಪ್ಪಂದಿರ ಜೊತೆ ನಾನು ಜಗಳಕ್ಕೇ ಬೀಳುತ್ತೇನೆ.

ಮೂತ್ರ ಪರೀಕ್ಷಾ ಮನ್ಯಾಗ ಮಾಡಿದ್ರ ನಡೀತೈತೇನ್ರಿ? ಔಷಧ ಅಂಗಡ್ಯಾಗ ಕಿಟ್ ಸಿಗತೈತಂತ.

ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಕೂರುತ್ತದೆ, ನಿಧಾನಕ್ಕೆ ಹೊರಬರುತ್ತದೆ. ಒಂದೇ ಸಲ ಸೇದಿದರೆ ಸುಮಾರು ಮೂರು ದಿನ ಮೂತ್ರದಲ್ಲಿ ಕಾಣಬಹುದು. ದಿನಾ ಸೇದುತ್ತಿದ್ದವನಲ್ಲಿ ಬಿಟ್ಟ ಮೇಲೂ ತಿಂಗಳವರೆಗೆ ಕಾಣಬಹುದು. ಅಂದರೆ ಇಪ್ಪತ್ತು ದಿನದಿಂದ ಮುಟ್ಟದ ಹುಡುಗನ ಪಟ್ಟಿಯೂ ಪಾಸಿಟಿವ್ ತೋರಿಸಬಹುದು. ಅವತ್ತು ಮನೆಯಲ್ಲಿ ಅವನಿಗೆ ಸುಳ್ಳ ಅಂದರೆ ಏನಾಗುತ್ತದೆ ಯೋಚಿಸಿ. ಅದಕ್ಕೆ ಮನೆಯಲ್ಲಿ ಬೇಡ. ಚಿಕಿತ್ಸೆಯ ಭಾಗವಾಗಿ, ಅವನಿಗೆ ಹೇಳಿ, ಒಪ್ಪಿಸಿ ಮಾಡಲಿ.

ಇದರಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹದಿನಾರರ ಹುಡುಗನ ಫಲಿತಾಂಶವನ್ನು ಅವನ ಅಪ್ಪನ ಎದುರೇ ಓದಿದೆ. ಹುಡುಗ ಏನೂ ಅನ್ನಲಿಲ್ಲ. ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಬಹಳ ಹೊತ್ತು ಕಟ್ಟುತ್ತಲೇ ಇದ್ದ. ಮತ್ತೆ ಬರಲಿಲ್ಲ. ಈಗ ಚೀಟಿ ಮೊದಲು ಹುಡುಗನ ಕೈಗೆ ಹೋಗುತ್ತದೆ, ಕೋಣೆಯಲ್ಲಿ ಅವನೂ ನಾನೂ ಇಬ್ಬರೇ ಇದ್ದಾಗ.

ಗಾಂಜಾ ಬಿಟ್ಟಾನ, ಸಿಗರೇಟ್ ಸೇದ್ತಾನ. ಅದೊಂದ ಇರಲಿ ಬಿಡ್ರಿ?

ಎರಡೂ ಒಟ್ಟಿಗೇ ಹೋಗುವುದು ಒಳ್ಳೆಯದು. ನಮ್ಮಲ್ಲಿ ಗಾಂಜಾ ಹೆಚ್ಚಾಗಿ ತಂಬಾಕಿನ ಜೊತೆ ಬೆರೆಸಿಯೇ ಸೇದುತ್ತಾರೆ. ಸಿಗರೇಟು ಕೈಗೆ ಬಂದರೆ ಮನಸ್ಸು ಹಳೆಯ ಜಾಗಕ್ಕೇ ಹೋಗುತ್ತದೆ. ಗುಟ್ಕಾ, ಜರ್ದಾಕ್ಕೂ ಇದೇ ಮಾತು.

ಮೂರು ತಿಂಗಳು ಬಿಟ್ಟಿದ್ದ, ಮೊನ್ನೆ ಮತ್ತ ಸೇದಿದ. ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತಲ್ರಿ?

ಆಗಿಲ್ಲ. ಆ ಮೂರು ತಿಂಗಳು ಅವನ ಲೆಕ್ಕದಲ್ಲೇ ಇದೆ. ಹದಿಹರೆಯದ ಚಿಕಿತ್ಸೆಯಲ್ಲಿ ಒಂದೆರಡು ಸಲ ಜಾರುವುದು ತುಂಬಾ ಸಾಮಾನ್ಯ. ಜಾರಿದ್ದನ್ನು ಮುಚ್ಚಿಟ್ಟು ಬರುವುದು ನಿಲ್ಲಿಸಿದಾಗ ನನಗೆ ಭಯವಾಗುತ್ತದೆ. ಬಂದು ಹೇಳಿದರೆ ಅವತ್ತಿನ ದಿನ ಬಿಡಿಸಿ ನೋಡಬಹುದು. ಯಾರ ಮದುವೆ, ಯಾರ ಫೋನು, ಕಿಸೆಯಲ್ಲಿ ಎಷ್ಟು ದುಡ್ಡಿತ್ತು? ನಿಮ್ಮ ಮಗ ನಿಮಗೆ ಬಂದು ಹೇಳಿದನಾ? ಹೇಳಿದ್ದರೆ ನೀವು ಅಂದುಕೊಂಡದ್ದಕ್ಕಿಂತ ಮುಂದೆ ಬಂದಿದ್ದೀರಿ.

## ಕಷ್ಟದ ಪ್ರಶ್ನೆಗಳು

ಯಾರೋ ಬೆನ್ನ ಹತ್ತ್ಯಾರ, ಫೋನ್‌ನಾಗ ನನ್ನ ಮಾತ ಕೇಳ್ತಾರ ಅಂತಾನ. ದೆವ್ವ ಹಿಡದೈತಿ ಅಂತಾರ ಮಂದಿ.

ಇದು ಅವತ್ತೇ ಮನೋವೈದ್ಯರಿಗೆ ತೋರಿಸುವ ಸಂಗತಿ. ಇಲ್ಲದ ದನಿ ಕೇಳುವುದು, ವಿಪರೀತ ಸಂಶಯ, ಒಬ್ಬನೇ ಮಾತಾಡುವುದು ಗಾಂಜಾದಿಂದ ಆಗಬಹುದು. ಅಮಲು ಇಳಿದಂತೆ ಕೆಲವರಲ್ಲಿ ಹೋಗುತ್ತದೆ. ಕೆಲವರಲ್ಲಿ ಇದೇ ದೊಡ್ಡ ಕಾಯಿಲೆಯ ಮೊದಲ ದಿನ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಅದರಲ್ಲಿ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದವರಿಗೆ ಸ್ಕಿಜೋಫ್ರೇನಿಯಾ ಅನ್ನುವ ಆ ದೊಡ್ಡ ಮಾನಸಿಕ ಕಾಯಿಲೆ ಬರುವ ಸಾಧ್ಯತೆ, ಬಳಸದವರ ಆರು ಪಟ್ಟು ಇತ್ತು. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ತಕರಾರಿಲ್ಲ. ದವಾಖಾನೆ ಮುಗಿಸಿಕೊಂಡು ಹೋಗಿ.

ಒಂದ ಸಮ ವಾಂತಿ, ಬಿಸಿನೀರ ಮೈಮ್ಯಾಲೆ ಹಾಕ್ಕೊಂಡ್ರಷ್ಟ ಆರಾಮ ಅಂತಾನ. ಗ್ಯಾಸ್ ಏನ್ರಿ?

ಬಿಸಿನೀರಿನ ಮಾತು ಕೇಳಿದರೆ ನನಗೆ ಗಾಂಜಾದ ಅನುಮಾನವೇ ಬರುತ್ತದೆ. ಬಹಳ ದಿನ, ದಿನಾ ಸೇದುವ ಕೆಲವರಿಗೆ ಹೀಗಾಗುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ಗುರುತಿಸಿದರು. ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಅಪಾಯ ಆಗಬಹುದು, ಆಸ್ಪತ್ರೆಗೆ ಹೋಗಿ. ಸೇದುವ ವಿಷಯ ವೈದ್ಯರಿಗೆ ಹೇಳಿಬಿಡಿ, ಇಲ್ಲದಿದ್ದರೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಆಗುತ್ತದೆ. ಪೂರ್ತಿ ಬಿಟ್ಟರೆ ಮಾತ್ರ ಇದು ಹೋಗುತ್ತದೆ.

ಮೊದಲಿಂದ ಒಂದ ಕಡೆ ಕುಂಡ್ರಂಗಿಲ್ಲ, ಸಾಲ್ಯಾಗ ಬರೇ ಬೈಸಿಕೊಂಡಾನ. ಅದಕ್ಕೂ ಇದಕ್ಕೂ ಸಂಬಂಧ ಐತೇನ್ರಿ?

ಇರಬಹುದು. ಚಿಕ್ಕಂದಿನಿಂದ ಗಮನ ನಿಲ್ಲದ, ಚಡಪಡಿಸುವ ಎಡಿಎಚ್‌ಡಿ ಮಕ್ಕಳು, ಒಳಗೇ ಕುಗ್ಗಿದ ಖಿನ್ನತೆಯ ಮಕ್ಕಳು ಗಾಂಜಾದಲ್ಲಿ ಮೊದಲ ಸಲ "ತಲಿ ಸುಮ್ನಾತು" ಅನ್ನುತ್ತಾರೆ. ಅವರಿಗೆ ಅದೇ ಔಷಧ ಅನ್ನಿಸಿರುತ್ತದೆ. ಗಾಂಜಾ ಬಿಡಲಿ, ಆಮೇಲೆ ಅದನ್ನು ನೋಡೋಣ ಅಂತ ಕಾಯಬಾರದು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು. ಎಂಟನೇ ವಯಸ್ಸಿನ ಪ್ರಗತಿ ಪತ್ರ ಮನೆಯಲ್ಲಿ ಉಳಿದಿದ್ದರೆ ತನ್ನಿ. ಅದರ ಮೇಲೆ ಮಾಸ್ತರು ಬರೆದ ಒಂದು ಸಾಲು ಎಷ್ಟೋ ಸಲ ದಾರಿ ತೋರಿಸಿದೆ.

ಸೆಕೆಂಡ್ ಪಿಯು ಪರೀಕ್ಷಾ ಐತ್ರಿ. ಓದಿದ್ದು ನೆನಪ ಉಳಿಯಂಗಿಲ್ಲ. ಬುದ್ಧಿ ಮೊದಲಿನಂಗ ಆಗತೈತೇನು?

ಬಹಳಷ್ಟು ಮರಳುತ್ತದೆ. 16ರಿಂದ 25ರ ವಯಸ್ಸಿನವರು ಒಂದು ತಿಂಗಳು ಗಾಂಜಾ ಬಿಟ್ಟಾಗ ಹೊಸದನ್ನು ಕಲಿಯುವ ಶಕ್ತಿ ಸುಧಾರಿಸಿದ್ದನ್ನು 2018ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಹೆಚ್ಚಿನ ಸುಧಾರಣೆ ಮೊದಲ ವಾರದಲ್ಲೇ ಕಂಡಿತ್ತು. ವರ್ಷಗಟ್ಟಲೆ, ದಿನಾ ಸೇದಿದವರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಹೋಗುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ವಾದ ಇದೆ. ಹುಡುಗರಿಗೆ ಮೊದಲ ವಾರದ ಮಾತೇ ಹೆಚ್ಚು ತಾಗುತ್ತದೆ. ಏಳು ದಿನ ಅಂದರೆ ಅವರಿಗೆ ಆಗುವಂಥದ್ದು ಅನ್ನಿಸುತ್ತದೆ.

ಅಕ್ಕೋರೆ, ನಾ ಬಿಟ್ಟು ಐದ ತಿಂಗಳಾತು. ಮನ್ಯಾಗ ಇನ್ನೂ ನನ್ನ ಕಿಸೆ ನೋಡ್ತಾರ. ಯಾವಾಗ ನಂಬ್ತಾರ?

ನಿನಗೆ ನೋವಾಗುವುದು ಸಹಜ. ಅವರ ಹೆದರಿಕೆಯೂ ಸುಳ್ಳಲ್ಲ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಮಾತಾಡಬೇಕು, ದಿನ ಗೊತ್ತು ಮಾಡಬೇಕು. ಇಂಥ ತಿಂಗಳಿಂದ ಕಿಸೆ ನೋಡುವುದಿಲ್ಲ, ಅದರ ಮುಂದಿನ ತಿಂಗಳು ಬೈಕಿನ ಚಾವಿ, ಆಮೇಲೆ ದುಡ್ಡಿನ ಕೆಲಸ. ನಾನು ಈ ಒಪ್ಪಂದವನ್ನು ಹಾಳೆಯ ಮೇಲೆ ಬರೆಸುತ್ತೇನೆ, ಎಲ್ಲರ ಸಹಿ ಹಾಕಿಸುತ್ತೇನೆ.

ಬೆಟಗೇರಿಯಿಂದ ಬರುತ್ತಿದ್ದ ಒಬ್ಬ ಅಪ್ಪ ದುಡ್ಡಿನ ಸಾಲಿಗೆ ಬಂದಾಗ ಸಹಿ ಹಾಕದೆ ಪೆನ್ನು ಕೆಳಗಿಟ್ಟಿದ್ದರು. ಎರಡು ತಿಂಗಳು ಹಾಳೆ ಹಾಗೇ ಇತ್ತು. ಆಮೇಲೆ ಒಂದು ದಿನ ಅವರೇ ಮಗನ ಕೈಗೆ ಐನೂರರ ಎರಡು ನೋಟು ಕೊಟ್ಟು ಹೆಸ್ಕಾಂ ಬಿಲ್ ಕಟ್ಟಿ ಬಾ ಅಂದರಂತೆ. ಹುಡುಗ ರಸೀದಿಯನ್ನೂ ಉಳಿದ ಚಿಲ್ಲರೆಯನ್ನೂ ತಂದು ಮುಂದಿಟ್ಟ. ಅಪ್ಪ ಎಣಿಸಲಿಲ್ಲ. ಹಾಗೇ ಅಂಗಿಯ ಕಿಸೆಗೆ ಹಾಕಿಕೊಂಡು "ಉಂಡೇನು?" ಅಂದರು. ಮುಂದಿನ ವಾರ ಹುಡುಗ ನನಗೆ ಹೇಳಿದ್ದು ಇದೊಂದೇ, ಎರಡು ಸಲ ಹೇಳಿದ.